ಒಂದು ಬೆರಳು ಮೇಲೆದ್ದ ಅಂಚು

ಪಂಚಮಿಗೆ ನಾಲ್ಕು ದಿನ ಉಳಿದಿರುವಾಗ ಗದಗ-ಬೆಟಗೇರಿಯ ಟೇಲರ್ ಅಂಗಡಿಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅಂಥದೊಂದು ಅಂಗಡಿಗೆ ಹನ್ನೆರಡು ವರ್ಷದ ಹುಡುಗಿಯ ಹೊಸ ಚೂಡಿದಾರ ಎರಡನೇ ಸಲ ಬಿಚ್ಚಿ ಹೊಲಿಯಲು ವಾಪಸ್ ಬಂದಿತ್ತು. ಟಾಪಿನ ಕೆಳಗಿನ ಅಂಚು ಬಲಗಡೆ ಒಂದು ಬೆರಳು ಮೇಲೆ ನಿಲ್ಲುತ್ತಿತ್ತು. ಹೊಲಿಗೆ ಕೆಟ್ಟಿದೆ ಎಂದು ತಾಯಿಯ ತಕರಾರು. ಟೇಲರ್ ಬಟ್ಟೆಯನ್ನು ಮೇಜಿನ ಮೇಲೆ ಹಾಸಿ, ನಡುವೆ ಮಡಚಿ, ಎಡದ ಅಂಚಿನ ಮೇಲೆ ಬಲದ ಅಂಚು ಕೂರಿಸಿ ತೋರಿಸಿದರು. ನೂಲಿನಷ್ಟೂ ಹೆಚ್ಚುಕಡಿಮೆ ಇಲ್ಲ. ಆಮೇಲೆ ಹುಡುಗಿಯನ್ನು ಬೆನ್ನು ತಿರುಗಿಸಿ ನಿಲ್ಲಿಸಿ ಹೇಳಿದರು: "ಅಕ್ಕಾರ, ಬಟ್ಟಿ ಬರೋಬರಿ ಐತ್ರಿ. ಹುಡುಗಿದು ಎಡಗಡೆ ಭುಜ ಇಳದೈತಿ ನೋಡ್ರಿ. ಒಮ್ಮೆ ಡಾಕ್ಟರಿಗೆ ತೋರಸ್ರಿ."

ಬೆನ್ನೆಲುಬು ಪಕ್ಕಕ್ಕೆ ಬಾಗಿ ತಿರುಚಿಕೊಳ್ಳುವ ಸ್ಕೋಲಿಯೋಸಿಸ್ ಎಷ್ಟೋ ಮನೆಗಳಿಗೆ ಗೊತ್ತಾಗುವುದು ಹೀಗೆಯೇ. ನೋವು ಇರುವುದಿಲ್ಲ, ಇದ್ದರೂ ಹೇಳಿಕೊಳ್ಳುವಷ್ಟು ಇರುವುದಿಲ್ಲ. ಮಗುವಿಗೆ ತನ್ನ ಬೆನ್ನು ಕಾಣುವುದಿಲ್ಲ. ಒಂಬತ್ತು ಹತ್ತು ವರ್ಷದವರೆಗೆ ಅವ್ವ ಎಣ್ಣೆ ಹಚ್ಚಿ ಎರೆಯುತ್ತಾಳೆ, ಬೆನ್ನು ಅವಳ ಕಣ್ಣೆದುರೇ ಇರುತ್ತದೆ. ಆಮೇಲೆ ಹುಡುಗಿ ಬಚ್ಚಲ ಬಾಗಿಲು ಹಾಕಿಕೊಂಡು ತಾನೇ ಸ್ನಾನ ಮಾಡತೊಡಗುತ್ತಾಳೆ. ಬೆನ್ನು ಬಾಗಲು ಶುರುವಾಗುವ ವಯಸ್ಸೂ ಸರಿಸುಮಾರು ಅದೇ. ಮನೆಯಲ್ಲಿ ಯಾರೂ ಆ ಬೆನ್ನನ್ನು ನೋಡದೆ ಒಂದೆರಡು ವರ್ಷ ಹೋಗಿಬಿಡುತ್ತವೆ, ಮತ್ತು ನೋಡಲೇಬೇಕಾಗಿದ್ದದ್ದು ಆ ಒಂದೆರಡು ವರ್ಷಗಳಲ್ಲೇ.

ಕೆಲವು ದಿನಗಳ ನಂತರ ಆ ಕುಟುಂಬ ಹುಬ್ಬಳ್ಳಿಯಲ್ಲಿ ಎಲುಬು-ಕೀಲಿನ ಡಾಕ್ಟರ ಕೋಣೆಯಲ್ಲಿ ಕೂತಿತ್ತು. ತಾಯಿ, ತಾಯಿಯ ತಾಯಿ, ಹುಡುಗಿ, ಜೊತೆಗೆ ಒಂಬತ್ತು ವರ್ಷದ ತಂಗಿ. ಡಾಕ್ಟರು ಇನ್ನೂ ಬೆನ್ನು ಮುಟ್ಟಿ ನೋಡಿರಲಿಲ್ಲ, ಅಷ್ಟರಲ್ಲಿ ತಾಯಿ ಶುರುಮಾಡಿದರು. "ದಿನಾ ಹೇಳತೀನ್ರಿ ಮೇಡಂ, ನೆಟ್ಟಗ ಕುಂದ್ರು ಅಂತ. ಕೇಳೂದಿಲ್ರಿ. ಮೊಬೈಲ್ ಹಿಡಕೊಂಡು ಒಂದ ಕಡೆ ವಾಲಿ ಕುಂದರತಾಳ. ಅದಕ್ಕ ಹಿಂಗಾಗೇತಲ್ರೀ?" ಅಜ್ಜಿಯದು ಬೇರೆ ವಾದ: "ನಳಾ ಬಂದ ದಿನ ಆಕೀ ಕೈಲೆ ಕೊಡಾ ಹೊರಸಬ್ಯಾಡ ಅಂತ ನಾ ಮೊದಲ ಹೇಳಿದ್ದೆ." ಊರಲ್ಲೇ ಉಳಿದಿದ್ದ ಅಪ್ಪ ಫೋನಿನಲ್ಲಿ ಪಾಟೀಚೀಲದ ಮೇಲೆ ಹಾಕಿದ್ದರಂತೆ. ಹುಡುಗಿ ನೆಲ ನೋಡುತ್ತ ಕೂತಿದ್ದಳು. 'ಯಾಕೆ ಬಂತು' ಎಂಬ ಪ್ರಶ್ನೆ ನಮ್ಮ ಮನೆಗಳಲ್ಲಿ ಎಷ್ಟು ಬೇಗ 'ಯಾರಿಂದ ಬಂತು' ಎಂದು ಹೊರಳಿಬಿಡುತ್ತದೆ! ಅದಕ್ಕೆ ಸಿಗುವ ಉತ್ತರ ಬಹುಮಟ್ಟಿಗೆ ತಪ್ಪು. ಆ ತಪ್ಪಿನ ಭಾರ ಹೊರುವವಳು ಆ ಮಗು. ಆದ್ದರಿಂದ ಕಾರಣಗಳ ವಿಷಯವನ್ನು ಸ್ವಲ್ಪ ನಿಧಾನವಾಗಿ ಬಿಡಿಸಿ ನೋಡಬೇಕಾಗಿದೆ.

ಹುಟ್ಟಿಸುವುದು ಬೇರೆ, ಬೆಳೆಸುವುದು ಬೇರೆ

ನಿಂತ ಭಂಗಿಯಲ್ಲಿ ತೆಗೆದ ಎಕ್ಸ್-ರೇಯಲ್ಲಿ ಬಾಗು 10 ಡಿಗ್ರಿ ಅಥವಾ ಹೆಚ್ಚಿದ್ದರೆ ಮಾತ್ರ ಅದಕ್ಕೆ ಸ್ಕೋಲಿಯೋಸಿಸ್ ಎಂಬ ಹೆಸರು. ಬಾಗಿನ ಮೇಲ್ತುದಿಯ ಮಣಿಗೂ ಕೆಳತುದಿಯ ಮಣಿಗೂ ಗೆರೆ ಎಳೆದು ಅವುಗಳ ನಡುವಿನ ಕೋನ ಅಳೆಯುವ ಈ ಕ್ರಮವನ್ನು 1948ರಲ್ಲಿ ಅಮೆರಿಕದ ಜಾನ್ ಕಾಬ್ ಬಳಕೆಗೆ ತಂದರು, ಇಂದಿಗೂ ಅದೇ ನಡೆದಿದೆ. 10ರಿಂದ 16 ವರ್ಷದ ನೂರು ಮಕ್ಕಳಲ್ಲಿ ಇಬ್ಬರು ಮೂವರಿಗೆ ಇಷ್ಟು ಬಾಗು ಇರುತ್ತದೆ. ಅವರಲ್ಲಿ ಹೆಚ್ಚಿನವರಿಗೆ ಜೀವನಪೂರ್ತಿ ಯಾವ ಚಿಕಿತ್ಸೆಯೂ ಬೇಕಾಗುವುದಿಲ್ಲ. ಸುಮಾರು ಶೇಕಡಾ 80ರಷ್ಟು ಪ್ರಕರಣಗಳಲ್ಲಿ ಇಂಥದೇ ಕಾರಣ ಎಂದು ಬೆರಳಿಟ್ಟು ತೋರಿಸಲು ಬರುವುದಿಲ್ಲ. ವೈದ್ಯರು ಅವನ್ನು 'ಇಡಿಯೋಪಥಿಕ್' ಎಂಬ ಗುಂಪಿಗೆ ಸೇರಿಸುತ್ತಾರೆ.

ಹುಡುಗ-ಹುಡುಗಿಯರ ಲೆಕ್ಕದಲ್ಲಿ ಒಂದು ಸುಳಿವು ಅಡಗಿದೆ. ಹತ್ತು ಹನ್ನೆರಡು ಡಿಗ್ರಿಯ ಸಣ್ಣ ಬಾಗು ಹುಡುಗರಲ್ಲೂ ಹುಡುಗಿಯರಲ್ಲೂ ಹೆಚ್ಚುಕಡಿಮೆ ಸಮವಾಗಿ ಕಾಣುತ್ತದೆ. 30 ಡಿಗ್ರಿ ದಾಟಿದವರನ್ನು ಎಣಿಸಿದರೆ ಒಬ್ಬ ಹುಡುಗನಿಗೆ ಏಳರಿಂದ ಹತ್ತು ಹುಡುಗಿಯರು. ಅಂದರೆ ಬಾಗನ್ನು ಹುಟ್ಟಿಸುವ ಸಂಗತಿ ಒಂದು, ಹುಟ್ಟಿದ್ದನ್ನು ಬೆಳೆಸುವ ಸಂಗತಿ ಇನ್ನೊಂದು. ನಾವು ಇವೆರಡನ್ನೂ ಕಲಸಿ ಒಂದೇ ಪ್ರಶ್ನೆ ಮಾಡಿಕೊಂಡಿದ್ದೇವೆ. ಮೊದಲನೆಯದಕ್ಕೆ ನಾವು ಮಾಡಬಹುದಾದದ್ದು ಸದ್ಯಕ್ಕೆ ಬಹಳ ಕಡಿಮೆ. ಎರಡನೆಯದನ್ನು ಹೊತ್ತಿಗೆ ಸರಿಯಾಗಿ ಹಿಡಿದರೆ ತಡೆಯಲು ಸಾಧ್ಯವಿದೆ.

ಪಾಟೀಚೀಲ, ಕೊಡ, ಮೊಬೈಲ್

ಎಲ್ಲರೂ ಬೆರಳು ತೋರುವುದು ಚೀಲದ ಕಡೆಗೆ. ಚೀಲ ಹಗುರವಾಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ರಾಜ್ಯ ಸರ್ಕಾರ 2019ರಲ್ಲಿ ಹೊರಡಿಸಿ 2023ರಲ್ಲಿ ಮತ್ತೆ ನೆನಪಿಸಿದ ಆದೇಶದ ಪ್ರಕಾರ 6ರಿಂದ 8ನೇ ತರಗತಿಯ ಚೀಲ 3ರಿಂದ 4 ಕೆ.ಜಿ., 9 ಮತ್ತು 10ನೇ ತರಗತಿಯದು 4ರಿಂದ 5 ಕೆ.ಜಿ. ಇರಬೇಕು. ಮಗುವಿನ ಮೈತೂಕದ ಶೇಕಡಾ 10ನ್ನು ಮೀರದಿದ್ದರೆ ಒಳ್ಳೆಯದು. 36 ಕೆ.ಜಿ. ಹುಡುಗಿಗೆ ಮೂರೂವರೆ ಕೆ.ಜಿ. ಅಷ್ಟೆ. ಅದಕ್ಕಿಂತ ಭಾರ ಹೊತ್ತರೆ ಕುತ್ತಿಗೆ, ಹೆಗಲು, ಟೊಂಕ ನೋಯುತ್ತವೆ, ಮೈ ಮುಂದಕ್ಕೆ ಬಾಗುತ್ತದೆ. ಆದರೆ ಚೀಲ ಇಳಿಸಿದ ಮೇಲೆ ಬೆನ್ನು ತನ್ನ ಜಾಗಕ್ಕೆ ಮರಳುತ್ತದೆ. ತಿರುಚಿಕೊಂಡು ಹಾಗೆಯೇ ಉಳಿಯುವ ಬಾಗನ್ನು ಚೀಲ ಹುಟ್ಟಿಸುತ್ತದೆ ಎನ್ನಲು ಪುರಾವೆ ಇಲ್ಲ. ಒಂದೇ ತರಗತಿಯಲ್ಲಿ ಒಂದೇ ತೂಕದ ಚೀಲ ಹೊರುವ ಅರವತ್ತು ಮಕ್ಕಳಲ್ಲಿ ಐವತ್ತೆಂಟು ಜನರ ಬೆನ್ನು ನೆಟ್ಟಗಿರುತ್ತದೆ. ಅಲ್ಲದೆ ಈ ತೊಂದರೆ ಪಾಟೀಚೀಲಕ್ಕಿಂತ ಬಹಳ ಹಳೆಯದು. ಎರಡು ಸಾವಿರ ವರ್ಷಕ್ಕೂ ಹಿಂದಿನ ಗ್ರೀಕ್ ವೈದ್ಯಗ್ರಂಥಗಳಲ್ಲೇ ಬಾಗಿದ ಬೆನ್ನಿನ ಪ್ರಸ್ತಾಪ ಇದೆ.

ಚೀಲ ಯಾವ ಹೆಗಲಿಗೆ ಎಂಬ ವಿಚಾರಣೆಯೂ ನಡೆಯುತ್ತದೆ. ಎದೆಮಟ್ಟದ ಬಾಗಿನ ಉಬ್ಬು ಬಹುಪಾಲು ಮಕ್ಕಳಲ್ಲಿ ಬಲಗಡೆಗೇ ಇರುತ್ತದೆ, ಚೀಲ ಎಡ ಹೆಗಲಿಗಿದ್ದರೂ ಅಷ್ಟೆ, ಬಲ ಹೆಗಲಿಗಿದ್ದರೂ ಅಷ್ಟೆ. ಯಾವ ತೊಂದರೆಯೂ ಇಲ್ಲದವರ ಬೆನ್ನುಮಣಿಗಳೂ ಎದೆಯ ನಡುಭಾಗದಲ್ಲಿ ತುಸು ಬಲಕ್ಕೆ ತಿರುಗಿರುತ್ತವೆ. ಹೃದಯ ಮತ್ತಿತರ ಅಂಗಗಳು ಹುಟ್ಟಿನಿಂದಲೇ ಎಡ-ಬಲ ಅದಲುಬದಲಾಗಿರುವ ಅಪರೂಪದ ಜನರಲ್ಲಿ ಆ ತಿರುವು ಎಡಕ್ಕಿರುವುದನ್ನು ಡಚ್ ಸಂಶೋಧಕರು ತೋರಿಸಿದ್ದಾರೆ. ಬಾಗು ಯಾವ ಕಡೆಗೆ ಎಂಬುದು ಮಗು ಚೀಲ ಹೊರುವ ಎಷ್ಟೋ ವರ್ಷ ಮೊದಲೇ ಒಳಗಿನ ಜೋಡಣೆಯಲ್ಲಿ ತೀರ್ಮಾನವಾಗಿರುತ್ತದೆ ಎಂದಾಯಿತು.

ಕೊಡದ ವಿಷಯವೂ ಹೀಗೆಯೇ. ಬಗಲಲ್ಲಿ ಕೊಡ ಇಟ್ಟಾಗ ಟೊಂಕ ಒಂದು ಕಡೆ ಚಾಚುತ್ತದೆ, ಕೊಡ ಇಳಿಸಿದರೆ ಸರಿಯಾಗುತ್ತದೆ. ಮೊಬೈಲ್ ಹಿಡಿದು ವಾಲಿ ಕೂರುವುದನ್ನಂತೂ ತಾಯಂದಿರು ತಿರುವುಮುರುವು ಮಾಡಿ ನೋಡಬೇಕು. ಬೆನ್ನು ಆಗಲೇ ಬಾಗಿರುವುದರಿಂದ ಹುಡುಗಿ ವಾಲಿದಂತೆ ಕಾಣುತ್ತಾಳೆ. ಅವಳ ಮಟ್ಟಿಗೆ ಅವಳು ನೆಟ್ಟಗೇ ಕೂತಿರುತ್ತಾಳೆ. 'ನೆಟ್ಟಗ ಕುಂದ್ರು' ಎಂದು ನೂರು ಸಲ ಗದರಿದರೂ ಭುಜ ಎರಡು ನಿಮಿಷ ಎದ್ದೀತು, ಪಕ್ಕೆಲುಬಿನ ಉಬ್ಬು ಮಾತ್ರ ಇದ್ದಲ್ಲೇ ಇರುತ್ತದೆ.

ಸುಳ್ಳು ಬಾಗು ಎಂಬುದೂ ಒಂದಿದೆ, ಅದನ್ನು ಬೇರೆ ಮಾಡಿ ತಿಳಿಯಬೇಕು. ಒಂದು ಕಾಲು ಇನ್ನೊಂದಕ್ಕಿಂತ ಒಂದೂವರೆ ಸೆಂಟಿಮೀಟರ್ ಗಿಡ್ಡವಿದ್ದರೆ ಟೊಂಕ ಓರೆಯಾಗಿ, ಅದರ ಮೇಲೆ ನಿಂತ ಬೆನ್ನೂ ಬಾಗುತ್ತದೆ. ಸ್ನಾಯು ಹಿಡಿದುಕೊಂಡಾಗಲೂ ಹೀಗಾಗುತ್ತದೆ. ಸ್ಟೂಲಿನ ಮೇಲೆ ಕೂರಿಸಿದ ಕೂಡಲೇ ಬಾಗು ಮಾಯವಾದರೆ ಕಾಲು ಅಳೆಯಬೇಕು. ಚಪ್ಪಲಿಯ ಹಿಮ್ಮಡಿಗೆ ಒಂದು ಪಟ್ಟಿ ಹಾಕಿಸಿದರೆ ಮುಗಿಯುವ ಸಮಸ್ಯೆ ಅದಾಗಿರಬಹುದು.

ಮನೆತನದ ಪಾಲು

ಹುಟ್ಟಿಸುವ ಕಾರಣಗಳಲ್ಲಿ ಗಟ್ಟಿ ಆಧಾರ ಇರುವುದು ವಂಶವಾಹಿಗೆ. ಅವಳಿ ಮಕ್ಕಳ ಬಗ್ಗೆ ಆವರೆಗೆ ವರದಿಯಾಗಿದ್ದನ್ನೆಲ್ಲ ಒಟ್ಟುಗೂಡಿಸಿ 1997ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಒಬ್ಬರಿಗೆ ಬಾಗು ಇದ್ದರೆ ಶೇಕಡಾ 73ರಷ್ಟು ಜೋಡಿಗಳಲ್ಲಿ ಇನ್ನೊಬ್ಬರಿಗೂ ಇತ್ತು. ಎರಡು ಅಂಡದ ಅವಳಿಗಳಲ್ಲಿ ಶೇಕಡಾ 36. ವ್ಯತ್ಯಾಸ ದೊಡ್ಡದು. ಆದರೆ ಇನ್ನೊಂದು ಮಗ್ಗುಲಿನಿಂದ ನೋಡಿ: ಜೀನುಗಳೆಲ್ಲ ಒಂದೇ ಇದ್ದೂ ನಾಲ್ಕರಲ್ಲಿ ಒಂದು ಜೋಡಿಯಲ್ಲಿ ಒಬ್ಬರ ಬೆನ್ನು ಮಾತ್ರ ಬಾಗಿದೆ. ಜೀನು ದಾರಿ ತೆರೆದಿಡುತ್ತದೆ, ಆ ದಾರಿಯಲ್ಲಿ ನಡೆಸುವುದು ಬೇರೇನೋ.

2011ರಲ್ಲಿ ಜಪಾನಿನ ಸಂಶೋಧಕರು ಎಲ್‌ಬಿಎಕ್ಸ್1 ಎಂಬ ಜೀನಿನ ಹತ್ತಿರದ ಒಂದು ಬದಲಾವಣೆಗೂ ಈ ತೊಂದರೆಗೂ ನಂಟು ಕಂಡರು. 2013ರಲ್ಲಿ ಜಿಪಿಆರ್126 ಎಂಬ ಇನ್ನೊಂದು ಜೀನು ಸಿಕ್ಕಿತು. ಆಮೇಲೆ ಪಟ್ಟಿ ಬೆಳೆಯುತ್ತ ಹೋಗಿದೆ. ಒಂದೊಂದೂ ಚೂರುಚೂರು ಅಪಾಯ ಸೇರಿಸುತ್ತದೆಯೇ ಹೊರತು ಯಾವುದೂ ಒಂಟಿಯಾಗಿ ಬೆನ್ನು ಬಾಗಿಸುವುದಿಲ್ಲ. ಹಾಗಾಗಿ ರಕ್ತ ಕೊಟ್ಟು ಜೀನು ಪರೀಕ್ಷೆ ಮಾಡಿಸಿ ಪ್ರಯೋಜನವಿಲ್ಲ. ತಾಯಿಯ ಕಡೆಯಿಂದ ಬಂತೋ ತಂದೆಯ ಕಡೆಯಿಂದ ಬಂತೋ ಎಂದು ಬೀಗರಿಬ್ಬರೂ ಜಗಳಾಡಿದರೂ ಅಷ್ಟೆ. ಉಪಯೋಗಕ್ಕೆ ಬರುವ ಅಂಕಿ ಇದು: ಒಡಹುಟ್ಟಿದವರಿಗೋ ತಂದೆ-ತಾಯಿಗೋ ಇದ್ದರೆ ಮಗುವಿನಲ್ಲಿ ಕಾಣುವ ಸಂಭವ ನೂರಕ್ಕೆ ಎರಡು ಮೂರರಿಂದ ಆರು-ಹನ್ನೊಂದರ ಮಟ್ಟಕ್ಕೆ ಏರುತ್ತದೆ. ಒಬ್ಬಳಿಗೆ ಇದೆ ಎಂದು ಗೊತ್ತಾದ ದಿನವೇ ಮನೆಯ ಉಳಿದ ಮಕ್ಕಳ ಬೆನ್ನನ್ನೂ ನೋಡಬೇಕು.

ಮುಂದೆ ಉದ್ದ, ಹಿಂದೆ ಗಿಡ್ಡ

ಬೆಳೆಸುವ ಕಾರಣಕ್ಕೆ ಬಂದರೆ ಉತ್ತರ ಒಂದೇ: ಎತ್ತರ. ಹುಡುಗಿಯರು ಸುಮಾರು ಹನ್ನೊಂದೂವರೆ-ಹನ್ನೆರಡರ ಹೊತ್ತಿಗೆ ವರ್ಷಕ್ಕೆ ಎಂಟು ಸೆಂಟಿಮೀಟರ್ ವರೆಗೆ ಚಿಗಿಯುತ್ತಾರೆ. ಹುಡುಗರಿಗೆ ಈ ಜಿಗಿತ ಎರಡು ವರ್ಷ ತಡವಾಗಿ ಬರುತ್ತದೆ. ಹುಡುಗಿ ದೊಡ್ಡಾಕಿ ಆಗುವುದು ಈ ಜಿಗಿತದ ತುದಿ ದಾಟಿ ಆರು ತಿಂಗಳು ವರ್ಷದ ಮೇಲೆ. 'ದೊಡ್ಡಾಕಿ ಆದ ಮ್ಯಾಲೆ ನೋಡೂಣು' ಎಂದು ಕಾಯುವವರು ಬಾಗು ಅತಿ ವೇಗವಾಗಿ ಬೆಳೆಯುವ ಅವಧಿಯನ್ನೇ ಕಳೆದುಕೊಂಡಿರುತ್ತಾರೆ. ಇನ್ನೊಂದು ಮಾತು: ಕಾಲಿನ ಬೆಳವಣಿಗೆ ಮೊದಲು ನಿಲ್ಲುತ್ತದೆ, ಬೆನ್ನಿನದು ಆಮೇಲೂ ನಡೆದಿರುತ್ತದೆ. ಪ್ಯಾಂಟು ಗಿಡ್ಡವಾಗುವುದು ನಿಂತಿದೆ, ಇನ್ನು ಬೆಳವಣಿಗೆ ಮುಗಿಯಿತು ಎಂದುಕೊಂಡರೆ ಲೆಕ್ಕ ತಪ್ಪುತ್ತದೆ.

ಬೆಳೆಯುವಾಗ ಒಳಗೆ ಏನಾಗುತ್ತದೆ ಎಂಬುದನ್ನು ಆ ಟೇಲರ್ ಅಂಗಡಿಯ ಭಾಷೆಯಲ್ಲೇ ಹೇಳಬಹುದು. ಬೆನ್ನೆಲುಬಿನ ಮುಂಭಾಗದಲ್ಲಿ ದಪ್ಪ ಗಾಲಿಗಳಂಥ ಮಣಿಗಳು ಒಂದರ ಮೇಲೊಂದು ಕೂತಿವೆ. ಹಿಂಭಾಗದಲ್ಲಿ ಸಣ್ಣ ಕಮಾನುಗಳೂ ಕೊಕ್ಕೆಗಳೂ ಇವೆ. ಟಾಪಿನ ಮುಂದಿನ ತುಂಡನ್ನು ಎರಡು ಬೆರಳು ಉದ್ದ ಕತ್ತರಿಸಿ, ಹಿಂದಿನ ತುಂಡು ಗಿಡ್ಡ ಬಿಟ್ಟು, ಎರಡನ್ನೂ ಒಂದೇ ಹೊಲಿಗೆಯಲ್ಲಿ ಸೇರಿಸಿದರೆ ಹೆಚ್ಚಾದ ಬಟ್ಟೆ ಎಲ್ಲಿಗೆ ಹೋಗಬೇಕು? ಪಕ್ಕಕ್ಕೆ ಸರಿದು ತಿರುಚಿಕೊಳ್ಳುತ್ತದೆ. ಈ ಮಕ್ಕಳ ಬೆನ್ನಿನಲ್ಲಿ ಮುಂದಿನ ಕಂಬ ಹಿಂದಿನದಕ್ಕಿಂತ ಉದ್ದ ಬೆಳೆದಿರುವುದು ಎಂಆರ್‌ಐ ಅಳತೆಗಳಲ್ಲಿ ಕಂಡುಬಂದಿದೆ. ಆ ಹೆಚ್ಚುವರಿ ಉದ್ದವೇ ಬಾಗನ್ನು ಹುಟ್ಟಿಸುತ್ತದೆಯೋ, ಬಾಗಿದ ಮೇಲೆ ಅದು ಬರುತ್ತದೆಯೋ ಎಂಬ ಚರ್ಚೆ ಸಂಶೋಧಕರ ನಡುವೆ ಇನ್ನೂ ನಡೆದಿದೆ. ಪಕ್ಕದಿಂದ ನೋಡಿದರೆ ಈ ಮಕ್ಕಳ ಮೇಲ್ಬೆನ್ನು ಗೂನಾಗಿರುವ ಬದಲು ಇರಬೇಕಾದ್ದಕ್ಕಿಂತ ಚಪ್ಪಟೆಯಾಗಿರುತ್ತದೆ. ಹಿಂದಿನಿಂದ ಕಾಣುವ ಉಬ್ಬು ನಿಜವಾಗಿ ಮಣಿಗಳು ತಿರುಗಿದಾಗ ಜೊತೆಯಲ್ಲಿ ಹಿಂದೆ ಸರಿದ ಪಕ್ಕೆಲುಬುಗಳು. ಊರಲ್ಲಿ ಎಲ್ಲದಕ್ಕೂ 'ಗೂನು' ಎಂದುಬಿಡುತ್ತಾರೆ, ಇವೆರಡೂ ಬೇರೆ ಬೇರೆ.

ಒಮ್ಮೆ ಬಾಗಿತೆಂದರೆ ಬಾಗು ತನ್ನನ್ನು ತಾನೇ ಬೆಳೆಸಿಕೊಳ್ಳಬಹುದು. ಪ್ರತಿ ಮಣಿಯ ಮೇಲೆ ಕೆಳಗೆ ಬೆಳವಣಿಗೆಯ ತೆಳು ಪದರ ಇರುತ್ತದೆ. ಒತ್ತಡ ಹೆಚ್ಚು ಬಿದ್ದ ಕಡೆ ಆ ಪದರ ನಿಧಾನ ಬೆಳೆಯುತ್ತದೆ, ಒತ್ತಡ ಕಡಿಮೆ ಇರುವ ಕಡೆ ಜೋರಾಗಿ ಬೆಳೆಯುತ್ತದೆ. 19ನೇ ಶತಮಾನದಲ್ಲಿ ಇದನ್ನು ಗುರುತಿಸಿದ ಇಬ್ಬರು ಜರ್ಮನ್ ವೈದ್ಯರ ಹೆಸರಿನಲ್ಲಿ ಹ್ಯೂಟರ್-ಫೋಕ್‌ಮನ್ ನಿಯಮ ಎನ್ನುತ್ತಾರೆ. ಬಾಗಿನ ಒಳಮಗ್ಗುಲು ಒತ್ತಿಕೊಂಡು ಗಿಡ್ಡವಾಗುತ್ತದೆ, ಹೊರಮಗ್ಗುಲು ಉದ್ದವಾಗುತ್ತದೆ, ಚೌಕವಾಗಿದ್ದ ಮಣಿ ಬೆಣೆಯಾಗುತ್ತದೆ. ಬೆಣೆಗಳ ಮೇಲೆ ಕೂತ ಸಾಲು ಇನ್ನಷ್ಟು ವಾಲುತ್ತದೆ, ಒತ್ತಡ ಇನ್ನಷ್ಟು ಒಂದೇ ಕಡೆ ಬೀಳುತ್ತದೆ. ಬೆಳೆಯತೊಡಗಿದ ಬಾಗಿನಲ್ಲಿ ಎಲುಬು ಬಲಿತು ಪದರ ಮುಚ್ಚುವವರೆಗೆ ಈ ಸುತ್ತು ನಡೆಯುತ್ತಲೇ ಇರಬಹುದು. ಆಕಳು, ಆಡು, ನಾಯಿಗಳಲ್ಲಿ ಹರೆಯದ ಈ ಬಾಗು ಕಾಣದಿರುವುದಕ್ಕೆ ಅವು ಅಡ್ಡಬೆನ್ನಿನ ಪ್ರಾಣಿಗಳಾಗಿರುವುದು ಕಾರಣ ಎಂದು ಅನೇಕರ ವಾದ. ಎರಡು ಕಾಲಿನ ಮೇಲೆ ನೆಟ್ಟಗೆ ನಿಂತ ಮನುಷ್ಯನ ಬೆನ್ನಿನ ಕೆಲವು ಭಾಗ ತುಸು ಹಿಂದಕ್ಕೆ ಓರೆಯಾಗಿದ್ದು, ಅಲ್ಲಿ ಮಣಿಗಳು ತಿರುಗದಂತೆ ತಡೆಯುವ ಹಿಡಿತ ಸಡಿಲ.

ಅಮೆರಿಕದಲ್ಲಿ 1984ರಲ್ಲಿ ಪ್ರಕಟವಾದ, ಏಳುನೂರಕ್ಕೂ ಹೆಚ್ಚು ಮಕ್ಕಳನ್ನು ಹಿಂಬಾಲಿಸಿ ನೋಡಿದ ಅಧ್ಯಯನ ಈ ಮಾತಿಗೆ ಅಂಕಿ ಕೊಟ್ಟಿದೆ. ಟೊಂಕದ ಎಲುಬಿನ ಮೇಲಂಚಿನಲ್ಲಿ ಮೂಡುವ ಟೊಪ್ಪಿಗೆಯಂಥ ಪದರವನ್ನು ಎಕ್ಸ್-ರೇಯಲ್ಲಿ ನೋಡಿ ಬಲಿತದ್ದೆಷ್ಟು ಎಂದು 0ಯಿಂದ 5ರವರೆಗೆ ಅಂಕ ಹಾಕುವ ರಿಸ್ಸರ್ ಕ್ರಮ ಇದೆ. ಬಾಗು 20ರಿಂದ 29 ಡಿಗ್ರಿ ಇದ್ದು ರಿಸ್ಸರ್ 0 ಅಥವಾ 1 ಇದ್ದ ಮಕ್ಕಳಲ್ಲಿ ಶೇಕಡಾ 68 ಜನರ ಬಾಗು ಹೆಚ್ಚಾಯಿತು. ಅಷ್ಟೇ ಬಾಗಿದ್ದು ರಿಸ್ಸರ್ 2ರಿಂದ 4 ಇದ್ದವರಲ್ಲಿ ಶೇಕಡಾ 23 ಮಾತ್ರ. ಅದೇ ಬಾಗು, ಬೇರೆ ವಯಸ್ಸು, ಬೇರೆ ಭವಿಷ್ಯ.

ಪೀನಿಯಲ್ ಗ್ರಂಥಿಯಲ್ಲಿ ಹುಟ್ಟುವ, ನಿದ್ದೆಯ ಹಾರ್ಮೋನಾದ ಮೆಲಟೋನಿನ್ ಬಗ್ಗೆ ಅಲ್ಲಿ ಇಲ್ಲಿ ಓದಿದವರು ಮಾತ್ರೆ ಕೇಳುತ್ತಾರೆ. ಕೋಳಿಮರಿಗಳ ಮೆದುಳಿನ ಪೀನಿಯಲ್ ಗ್ರಂಥಿ ತೆಗೆದರೆ ಬೆನ್ನು ಬಾಗುವುದು 1959ರಿಂದಲೇ ಗೊತ್ತು. ಆದರೆ ಬಾಗು ಇರುವ ಮಕ್ಕಳ ರಕ್ತದಲ್ಲಿ ಮೆಲಟೋನಿನ್ ಕಡಿಮೆ ಇರುತ್ತದೆ ಎಂಬುದು ಸಾಬೀತಾಗಿಲ್ಲ. ಮಾತ್ರೆ ಬೇಡ.

ಎಲುಬಿನ ಗಟ್ಟಿತನ, ಮೈತೂಕ, ಮೈ ಬಳುಕು

ಹಾಂಕಾಂಗ್‌ನ ಸಂಶೋಧಕರು ಬಹಳ ವರ್ಷಗಳಿಂದ ಒತ್ತಿ ಹೇಳುತ್ತಿರುವುದು ಎಲುಬಿನ ಸಾಂದ್ರತೆಯ ವಿಷಯ. ಈ ಹುಡುಗಿಯರಲ್ಲಿ ಸುಮಾರು ಮೂರರಲ್ಲಿ ಒಬ್ಬಳ ಎಲುಬು ವಯಸ್ಸಿಗೆ ತಕ್ಕಷ್ಟು ಗಟ್ಟಿ ಇರುವುದಿಲ್ಲ, ಮತ್ತು ಅಂಥವರ ಬಾಗು ಬೆಳೆಯುವ ಸಂಭವ ಹೆಚ್ಚು. ಓರಗೆಯವರಿಗಿಂತ ಎತ್ತರ, ಮೈಯಲ್ಲಿ ತೂಕ ಕಡಿಮೆ, ವಿಟಮಿನ್ ಡಿ ಕಡಿಮೆ, ಇವೂ ಜೊತೆಯಲ್ಲೇ ಕಾಣುತ್ತವೆ. ಜೊತೆಯಲ್ಲಿ ಕಂಡದ್ದೆಲ್ಲ ಕಾರಣವಲ್ಲ. ಹಾಲು ಕುಡಿಸಿ ಬಾಗನ್ನು ನೆಟ್ಟಗೆ ಮಾಡಲು ಆಗುವುದಿಲ್ಲ. ಆದರೂ ಬೆಳೆಯುವ ಎಲುಬಿಗೆ ಬೇಕಾದದ್ದು ಸಿಗದಿದ್ದರೆ ಅದು ಒತ್ತಡಕ್ಕೆ ಬೇಗ ಮಣಿಯುತ್ತದೆ ಎಂಬುದು ನ್ಯಾಯವಾದ ಊಹೆ. ಧಾರವಾಡದ ಸಪ್ತಾಪುರದ ಕೋಚಿಂಗ್ ಕ್ಲಾಸುಗಳಿಗೆ ನಸುಕಿನಲ್ಲಿ ಹೊಕ್ಕು ದೀಪ ಹತ್ತಿದ ಮೇಲೆ ಹೊರಬರುವ, ತಿಂಡಿ ಬಿಟ್ಟು ಚಹಾ ಕುಡಿದು ಓಡುವ ಮಕ್ಕಳನ್ನು ನೋಡಿದರೆ ಚೀಲಕ್ಕಿಂತ ಹೆಚ್ಚು ಚಿಂತೆ ಆಗುವುದು ಇದರದು. 13ರಿಂದ 15 ವರ್ಷಕ್ಕೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಜೋಳದ ರೊಟ್ಟಿಯಲ್ಲಿ ಅದು ಕಡಿಮೆ, ಒಂದು ದೊಡ್ಡ ಲೋಟ ಹಾಲಿನಲ್ಲಿ ಸುಮಾರು 300 ಸಿಗುತ್ತದೆ. ರೊಟ್ಟಿಯ ಜೊತೆಗೆ ಮೊಸರು, ಸೊಪ್ಪಿನ ಪಲ್ಯ, ಎಳ್ಳಿನ ಚಟ್ನಿಪುಡಿ ಇರಲಿ, ನಡುನಡುವೆ ರಾಗಿ ಬರಲಿ, ದಿನದ ಸ್ವಲ್ಪ ಹೊತ್ತು ಬಿಸಿಲಲ್ಲಿ ಆಟ ಇರಲಿ.

ಮಲ್ಲಕಂಬ, ಯೋಗಾಸನ ಸ್ಪರ್ಧೆ, ನೃತ್ಯ ಮಾಡುವ ಮಕ್ಕಳ ತರಬೇತುದಾರರು ಇದನ್ನು ಗಮನಿಸಬೇಕು. ಬಲ್ಗೇರಿಯಾದಲ್ಲಿ ರಿದಮಿಕ್ ಜಿಮ್ನಾಸ್ಟಿಕ್ಸ್ ಹುಡುಗಿಯರನ್ನು ಪರೀಕ್ಷಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇಕಡಾ 12 ಜನರಿಗೆ ಬಾಗು ಇತ್ತು, ಅದೇ ವಯಸ್ಸಿನ ಉಳಿದ ಹುಡುಗಿಯರಲ್ಲಿ ಶೇಕಡಾ 1.1. ಸಡಿಲ ಕೀಲು, ತಡವಾಗಿ ಬರುವ ಮುಟ್ಟು, ಬೆನ್ನಿನ ಮೇಲೆ ಒಂದೇ ಬದಿಯ ಭಾರ, ಈ ಮೂರೂ ಅಲ್ಲಿ ಸೇರುತ್ತವೆ ಎಂದು ಅವರ ವಿವರಣೆ. ಬಳುಕುವ ಮೈಯವರನ್ನೇ ಇಂಥ ಆಟಕ್ಕೆ ಆರಿಸುತ್ತೇವೆ ಎಂಬುದನ್ನೂ ಮರೆಯುವಂತಿಲ್ಲ. ಆಟ ಬಿಡಿಸಬೇಕಿಲ್ಲ. ಆರು ತಿಂಗಳಿಗೊಮ್ಮೆ ಬೆನ್ನು ನೋಡಿದರೆ ಸಾಕು.

ಕಾರಣ ಸಿಗುವ ಬಾಗುಗಳು

ನೂರರಲ್ಲಿ ಇಪ್ಪತ್ತರಷ್ಟಕ್ಕೆ ಕಾರಣ ಇದ್ದೇ ಇರುತ್ತದೆ, ಅದನ್ನು ಹುಡುಕದೆ ಬಿಡಬಾರದು. ಗರ್ಭದ ಮೊದಲ ಆರು ವಾರಗಳಲ್ಲಿ ಮಣಿ ಅರ್ಧ ಮಾತ್ರ ರೂಪುಗೊಂಡಿದ್ದರೆ ಅಥವಾ ಎರಡು ಮಣಿ ಬಿಡಿಯಾಗದೆ ಅಂಟಿಕೊಂಡಿದ್ದರೆ ಬಾಗು ಹುಟ್ಟಿನಿಂದಲೇ ಇರುತ್ತದೆ. ಆಗ ಕಿಡ್ನಿಗೆ ಸ್ಕ್ಯಾನಿಂಗ್, ಹೃದಯಕ್ಕೆ ಎಕೋ ಮಾಡಿಸುತ್ತಾರೆ, ಆ ಅಂಗಗಳೂ ಅದೇ ವಾರಗಳಲ್ಲಿ ರೂಪುಗೊಳ್ಳುವುದರಿಂದ. ಮೈಮೇಲೆ ಚಹಾ ಬಣ್ಣದ ಆರು ಅಥವಾ ಹೆಚ್ಚು ಮಚ್ಚೆ, ಟೊಂಕದ ನಡುವೆ ಕೂದಲ ಗೊಂಚಲು ಅಥವಾ ಕುಳಿ, ವಿಪರೀತ ಉದ್ದದ ಕೈಬೆರಳು, ಒಂದೇ ಪಾದ ಮೇಲಕ್ಕೆ ಕಮಾನಾಗಿರುವುದು, ನಡೆಯುವಾಗ ಎಡವುವುದು, ಇವುಗಳಲ್ಲಿ ಯಾವುದು ಕಂಡರೂ ಡಾಕ್ಟರಿಗೆ ಹೇಳಿ. ಎದೆಮಟ್ಟದ ಬಾಗು ಎಡಕ್ಕಿದ್ದರೆ ಬೆನ್ನುಹುರಿಯೊಳಗೆ ನೀರು ತುಂಬಿದ ಕೊಳವೆ ಇದೆಯೇ ಎಂದು ನೋಡಲು ಎಂಆರ್‌ಐ ಮಾಡಿಸುತ್ತಾರೆ. ರಾತ್ರಿ ಎಚ್ಚರಗೊಳಿಸುವ ನೋವು ಇದ್ದರೆ ಎಲುಬಿನ ಸಣ್ಣ ಗಡ್ಡೆ ಇರಬಹುದು. ನೋವಿನ ಜೊತೆಗೆ ಸಂಜೆ ಜ್ವರ, ತೂಕ ಇಳಿಯುವುದು, ಬೆನ್ನ ನಡುವೆ ಚೂಪಾದ ಗೂನು ಇದ್ದರೆ ಬೆನ್ನುಮಣಿಯ ಕ್ಷಯ ಮೊದಲು ನೆನಪಾಗಬೇಕು. ಅದಕ್ಕೆ ಔಷಧಿ ಇದೆ, ತಡ ಮಾಡಿದರೆ ಕಾಲಿನ ಬಲ ಹೋಗುತ್ತದೆ.

ಬಗ್ಗಿಸಿ ನೋಡುವ ಕ್ರಮ

ಮನೆಯಲ್ಲಿ ಎರಡು ನಿಮಿಷದ ಕೆಲಸ. ಬೆನ್ನು ಕಾಣುವಂಥ ಸಡಿಲ ಪೆಟಿಕೋಟ್ ಅಥವಾ ಬನಿಯನ್ ಇರಲಿ. ಜಡೆ ಮುಂದಕ್ಕೆ ಹಾಕಿಸಿ. ಪಾದ ಜೋಡಿಸಿ, ಮೊಣಕಾಲು ಮಡಚದೆ, ಎರಡೂ ಅಂಗೈ ಜೋಡಿಸಿ, ಗದ್ದ ಎದೆಗೆ ತಂದು, ನಿಧಾನವಾಗಿ ಮುಂದಕ್ಕೆ ಬಗ್ಗಲಿ, ಬೆನ್ನು ನೆಲಕ್ಕೆ ಸಮನಾಗುವವರೆಗೆ. ನೀವು ಹಿಂದೆ ಕೂತು ಕಣ್ಣನ್ನು ಬೆನ್ನಿನ ಮಟ್ಟಕ್ಕೆ ತನ್ನಿ. ಬಗ್ಗುತ್ತ ಹೋದಂತೆ ಮೊದಲು ಎದೆಯ ಭಾಗ, ಆಮೇಲೆ ನಡು, ಕೊನೆಗೆ ಟೊಂಕದ ಭಾಗ ಮೇಲೆ ಬರುತ್ತದೆ. ಪ್ರತಿ ಹಂತದಲ್ಲೂ ಎಡ-ಬಲ ಒಂದೇ ಎತ್ತರ ಇದೆಯೇ ನೋಡಿ. ಆಸ್ಪತ್ರೆಯಲ್ಲಿ ಇದಕ್ಕೆ ಸ್ಕೋಲಿಯೋಮೀಟರ್ ಇದೆ. ಗೌಂಡಿಗಳ ರಸಮಟ್ಟದ ತಮ್ಮ ಎನ್ನಬಹುದು, ಕೊಳವೆಯೊಳಗಿನ ಗುಂಡು ಎಷ್ಟು ಡಿಗ್ರಿ ಓರೆ ಎಂದು ತೋರಿಸುತ್ತದೆ. ಮೊಬೈಲಿನ ಮಟ್ಟ ತೋರಿಸುವ ಆ್ಯಪ್ ಕೂಡ ಆಗುತ್ತದೆ. ಬೆನ್ನ ನಡುವಿನ ಎಲುಬಿಗೆ ಫೋನ್ ತಾಗಿ ಅಳತೆ ಕೆಡದಂತೆ ಎರಡು ಹೆಬ್ಬೆರಳು ಬೆನ್ನಿನ ಎರಡು ಬದಿಗೆ ಇಟ್ಟು ಅವುಗಳ ಮೇಲೆ ಫೋನನ್ನು ಅಡ್ಡ ಇಡಬೇಕು. 7 ಡಿಗ್ರಿ ಅಥವಾ ಹೆಚ್ಚಿದ್ದರೆ ಎಕ್ಸ್-ರೇ ಬೇಕು. 5-6 ಇದ್ದರೆ ಮೂರು ತಿಂಗಳಿಗೆ ಮತ್ತೆ ನೋಡಿ, ಬಾಗಿಲ ಚೌಕಟ್ಟಿನ ಮೇಲೆ ಎತ್ತರದ ಗೆರೆ ಎಳೆದು ತಾರೀಖು ಬರೆದಿಡಿ.

ಅಳತೆ ತಪ್ಪುವುದು ಸಣ್ಣ ಕಾರಣಗಳಿಗೆ. ಒಂದು ಮೊಣಕಾಲು ಮಡಚಿದರೆ ಟೊಂಕ ಓರೆಯಾಗುತ್ತದೆ. ಒಂದು ಕೈ ಮುಂದೆ ಹೋದರೆ ಮೈ ತಿರುಗುತ್ತದೆ. ಮೈಯಲ್ಲಿ ತುಂಬಿಕೊಂಡ ಮಕ್ಕಳಲ್ಲಿ ಉಬ್ಬು ಕಾಣದೆ ಉಳಿಯುತ್ತದೆ. ಎಕ್ಸ್-ರೇಯಲ್ಲೂ ಹೀಗೆಯೇ: ಮಲಗಿಸಿ ತೆಗೆದ ಚಿತ್ರದಲ್ಲಿ ಬಾಗು ಕಡಿಮೆ ಕಾಣುತ್ತದೆ. ಕುತ್ತಿಗೆಯಿಂದ ಟೊಂಕದ ಎಲುಬಿನವರೆಗೆ ನಿಲ್ಲಿಸಿ ಒಂದೇ ಚಿತ್ರ, ಕಿರಣ ಬೆನ್ನಿನ ಕಡೆಯಿಂದ ಹಾಯುವಂತೆ. ಹಾಗೆ ತೆಗೆದರೆ ಎದೆಯ ಮೇಲೆ ಬೀಳುವ ವಿಕಿರಣ ಕಡಿಮೆ. ಎರಡು ಸಲದ ಅಳತೆಯಲ್ಲಿ 5 ಡಿಗ್ರಿಯವರೆಗಿನ ವ್ಯತ್ಯಾಸ ಅಳೆಯುವವರ ಕೈಯಿಂದಲೂ ಬರಬಹುದು. 18 ಇದ್ದದ್ದು 21 ಆಯಿತೆಂದು ಗಾಬರಿ ಬೇಡ, 18 ಇದ್ದದ್ದು 25 ಆದರೆ ಸುಮ್ಮನಿರಬೇಡಿ. ಸರ್ಕಾರಿ ಶಾಲೆಗಳಿಗೆ ವರ್ಷಕ್ಕೊಮ್ಮೆ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ಆರೋಗ್ಯ ತಂಡ ಬರುತ್ತದೆ. ಆರರಿಂದ ಎಂಟನೇ ತರಗತಿಯ ಹುಡುಗಿಯರ ಬೆನ್ನನ್ನು ತಂಡದ ಮಹಿಳಾ ಸಿಬ್ಬಂದಿ ಬಗ್ಗಿಸಿ ನೋಡಲಿ ಎಂದು ಶಿಕ್ಷಕಿಯರು ಕೇಳಬಹುದು.

ಹುಬ್ಬಳ್ಳಿಯ ಆ ಕೋಣೆಯಲ್ಲಿ ಹುಡುಗಿಯ ಎದೆಮಟ್ಟದ ಬಲಬದಿ 9 ಡಿಗ್ರಿ ಮೇಲಿತ್ತು. ಎಕ್ಸ್-ರೇಯಲ್ಲಿ ಬಾಗು 24, ರಿಸ್ಸರ್ 0. "ದೊಡ್ಡಾಕಿ ಆಗ್ಯಾಳೇನ್ರಿ?" "ಇನ್ನೂ ಇಲ್ರಿ." ಡಾಕ್ಟರು ಚಿತ್ರವನ್ನು ಬೆಳಕಿಗೆ ಹಿಡಿದು ತಾಯಿಗೆ ತೋರಿಸಿದರು. "ಅಕ್ಕಾರ, ಇದರಾಗ ಆಕೀದೂ ತಪ್ಪಿಲ್ಲ, ನಿಮ್ಮದೂ ತಪ್ಪಿಲ್ಲ. ಕೊಡದ್ದೂ ಅಲ್ಲ, ಮೊಬೈಲಿದ್ದೂ ಅಲ್ಲ. ನಾಕ ತಿಂಗಳಿಗೆ ಮತ್ತ ಫೋಟೊ ತಗಸೂಣು. ಏರಿತ್ತಂದ್ರ ಪಟ್ಟಾ ಹಾಕಬೇಕಾಗ್ತದ." ಪಟ್ಟಾ ಎಂದರೆ ಅಳತೆ ತೆಗೆದು ಮಾಡಿಸುವ ಗಟ್ಟಿ ಬ್ರೇಸ್. ಅಮೆರಿಕ ಮತ್ತು ಕೆನಡಾದ ಆಸ್ಪತ್ರೆಗಳಲ್ಲಿ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬ್ರೇಸ್ ಹಾಕಿದವರಲ್ಲಿ ಶೇಕಡಾ 72 ಜನರ ಬಾಗು ಶಸ್ತ್ರಚಿಕಿತ್ಸೆಯ ಗಡಿಯಾದ 50 ಡಿಗ್ರಿ ಮುಟ್ಟದೆ ಬೆಳವಣಿಗೆ ಮುಗಿಯಿತು. ಹಾಕದವರಲ್ಲಿ ಶೇಕಡಾ 48. ದಿನಕ್ಕೆ 13 ಗಂಟೆಯಷ್ಟು ಹಾಕಿಕೊಂಡವರಲ್ಲಿ ಗೆದ್ದವರು ಶೇಕಡಾ 90ಕ್ಕೂ ಹೆಚ್ಚು. ಗದಗಿನ ಬೇಸಿಗೆಯಲ್ಲಿ 13 ಗಂಟೆ ಸಣ್ಣ ಮಾತಲ್ಲ, ಒಳಗೆ ಹೊಲಿಗೆ ಒತ್ತದ ಹತ್ತಿಯ ಬನಿಯನ್ ಬೇಕು, ಬೆವರಿದಾಗ ಬದಲಿಸಬೇಕು.

"ನಿಮ್ಮ ಮನಿತನದಾಗ ಯಾರಿಗರೆ ಹಿಂಗ ಇತ್ತೇನ್ರಿ?" ಎಂದು ಡಾಕ್ಟರು ಕೇಳಿದಾಗ ತಾಯಿ ಇಲ್ಲ ಎಂದರು. ಅಜ್ಜಿ ಸೆರಗು ಸರಿಮಾಡಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ತಂಗಿಗಿ ಇತ್ತ ನೋಡ್ರಿ ಯವ್ವಾ. ಗೂನಿ ಅಂತಿದ್ರು. ಆಕೀ ಸಾಯೂತನಕಾ ಸೀರಿ ಸೆರಗ ಇಳಿಸಲಿಲ್ಲ" ಎಂದರು. ಡಾಕ್ಟರು ಬಾಗಿಲ ಹತ್ತಿರ ನಿಂತಿದ್ದ ಒಂಬತ್ತು ವರ್ಷದವಳನ್ನು ಕರೆದರು. ಅವಳು ಅಕ್ಕನ ಮುಖ ನೋಡಿದಳು. ಅಷ್ಟು ಹೊತ್ತು ನೆಲ ನೋಡುತ್ತಿದ್ದ ಅಕ್ಕ ಎದ್ದು ಬಂದು, ತಂಗಿಯ ಎರಡೂ ಜಡೆಗಳನ್ನು ಮುಂದಕ್ಕೆ ಹಾಕಿ, ಪಾದ ಜೋಡಿಸಿ, ಮೊಣಕಾಲ ಹಿಂದೆ ಕೈಯಿಟ್ಟಳು. "ಮೊಣಕಾಲ ಮಡಚಬ್ಯಾಡ. ಎರಡೂ ಕೈ ಕೂಡಿಸಿ ಸಾವಕಾಶ ಬಗ್ಗು." ಮಟ್ಟದ ಗುಂಡು ಮೂರರ ಹತ್ತಿರ ನಿಂತಿತು. ಡಾಕ್ಟರು ಚೀಟಿಯಲ್ಲಿ ಅವಳ ಎತ್ತರವನ್ನೂ ಆ ಮೂರನ್ನೂ ಬರೆದು, ಕೆಳಗೆ ಆರು ತಿಂಗಳ ಮುಂದಿನ ತಾರೀಖು ಹಾಕಿದರು.